ಬಟಾಣಿಯ ಅರ್ಧ ಗಂಟೆ

ಟೈಲರ್ ಅಂಗಡಿ,
13ನೇ ತಾರೀಕು, ಮಂಗಳವಾರ

ಪ್ರೀತಿಯ ಮಗನೇ,

ಹೇಗಿದ್ದೀಯಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೇ? ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಹೊಲಿಗೆ ಮಿಷನ್ನಿಗಿಂತ ಜೋರಾಗಿ ಸದ್ದು ಮಾಡುತ್ತಿದೆ.

ನಿನ್ನ ಮಗಳು ಬಟಾಣಿಯನ್ನು ಒಂದು ತರಗತಿ ಕೆಳಗೆ ಕೂರಿಸಲು ನೀನು ಸಹಿ ಹಾಕಿ ಕಳಿಸಿದ ಅರ್ಜಿ ಬಂತು. ಸೊಸೆಯೂ ನಾನೂ ಅದನ್ನು ಶಾಲೆಗೆ ಕೊಟ್ಟಿಲ್ಲ. ಅಳತೆ ತೆಗೆಯುವ ಮೊದಲೇ ಕತ್ತರಿ ಹಾಕುವ ನಿನ್ನ ಚಾಳಿ ಇನ್ನೂ ಹೋಗಿಲ್ಲ ನೋಡು! ಫೋನಿನಲ್ಲಿ ಬಟಾಣಿಯ ಎದುರು ಇದನ್ನೆಲ್ಲ ಹೇಳಲಾಗದು, ಅದಕ್ಕೇ ಈ ಪತ್ರ. ಅವಳ ತಲೆಯೊಳಗಿನ ಗಡ್ಡೆ ತೆಗೆದು, ಆರು ವಾರ ರೇಡಿಯೇಶನ್ ಕೊಟ್ಟು ಎರಡು ವರ್ಷವಾಯಿತು. ಗಡ್ಡೆ ಮತ್ತೆ ಬರಲಿಲ್ಲ, ಗೆದ್ದೆವು ಎಂದುಕೊಂಡೆವು. ಆದರೆ ನೀರು ಕುಡಿದಷ್ಟು ಸಲೀಸಾಗಿ ಮಗ್ಗಿ ಹೇಳುತ್ತಿದ್ದವಳು ಈಗ ಲೆಕ್ಕದ ನಡುವೆಯೇ ನಿಂತುಬಿಡುತ್ತಾಳೆ. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು ಬಂದಾಗ ನಾನೂ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ.

ಹೋದ ವಾರ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆ ಅವಳನ್ನು ಎರಡು ತಾಸು ಕೂರಿಸಿಕೊಂಡು ಪರೀಕ್ಷಿಸಿದರು. "ನೋಡಿ ಅಜ್ಜಾ, ಬುದ್ಧಿ ಎಲ್ಲೂ ಹೋಗಿಲ್ಲ. ವೇಗ ಕಮ್ಮಿಯಾಗಿದೆ. ರೇಡಿಯೇಶನ್ ಆದ ಎಷ್ಟೋ ಮಕ್ಕಳಿಗೆ ಹೀಗಾಗುತ್ತೆ. ಟೈಮ್ ಕೊಡಿ" ಎಂದರು. ಅವರ ಚೀಟಿ ಹಿಡಿದು ಲೆಕ್ಕದ ಮೇಷ್ಟ್ರ ಬಳಿ ಹೋದೆ. ಮೊದಲು ಮೂಗು ಮುರಿದರು. ಆಮೇಲೆ ಅಂಥದೇ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟರು, ಹಾಳೆಗೆ ಒಂದೇ ಲೆಕ್ಕ, ಅರ್ಧ ಗಂಟೆ ಹೆಚ್ಚಿಗೆ. ಅರವತ್ತೆಂಟು ಬಂತು ಕಣೋ! ಈಗ ಮೇಷ್ಟ್ರೇ ಅವಳನ್ನು ಮೊದಲ ಬೆಂಚಿಗೆ ಕರೆಸಿಕೊಂಡಿದ್ದಾರೆ. ಮುಂದೆ ಎಲ್ಲವೂ ಸಲೀಸು ಎಂದಲ್ಲ. ಬೇಗ ಸುಸ್ತಾಗುತ್ತಾಳೆ, ವರ್ಷವರ್ಷವೂ ಪರೀಕ್ಷೆ ಮಾಡಿಸಬೇಕಂತೆ. ಆದರೂ ಗೆಳತಿಯರ ಜೊತೆಗೇ ಮುಂದಿನ ತರಗತಿಗೆ ಹೋಗಲಿ. ನೀನು ಹೂಂ ಅನ್ನು, ಸಾಕು.

ಸೊಸೆ ಬೇರೆಯಾಗಿ ಬರೆಯುತ್ತಾಳಂತೆ, ನನಗೆ ತೋರಿಸುವುದಿಲ್ಲವಂತೆ. ಹೊಟ್ಟೆ ತುಂಬ ಉಣ್ಣು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ.: ಇದನ್ನು ಬರೆಯಲು ಅಳುಕಿ ಬಿಟ್ಟಿದ್ದೆ. ಮೊನ್ನೆ ಭಾನುವಾರ ಫೋನಿನಲ್ಲಿ ನೀನು ಅವಳನ್ನು, "ಅಪ್ಪ ಬರೋಕೆ ಇನ್ನೆಷ್ಟು ದಿನ, ಹೇಳು ನೋಡೋಣ?" ಎಂದು ಕೇಳಿದೆ. ಅವಳು ಸುಮ್ಮನಿದ್ದಳು. "ಇರಲಿ ಬಿಡು ಕಂದಾ" ಎಂದು ನೀನು ಫೋನ್ ಇಟ್ಟೆ. ಅವಳು ಮಾತ್ರ ಕಿವಿಯಿಂದ ಫೋನ್ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಫೋನಿಗೇ ಹೇಳಿದಳು, "ನಲವತ್ಮೂರು." ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ, ಸರಿಯಾಗಿತ್ತು. ಮುಂದಿನ ಸಲ ಕೇಳಿದ ಮೇಲೆ ಸ್ವಲ್ಪ ಕಾದು ನೋಡು, ಮಗನೇ.