ಇನ್ನೂ ಊದದ ಸೀಟಿ

ನನ್ನ ಜೀರುಂಡೆಗೆ,

ಇದನ್ನು ನೀನು ಕೇಳುವ ಹೊತ್ತಿಗೆ ಆಟ ಮುಗಿದಿರುತ್ತದೆ. ಬರೆಯುತ್ತ ಕೂತರೆ ಕಿವಿ ಆಟದ ಕಡೆ ನಿಲ್ಲುವುದಿಲ್ಲ. ಅದಕ್ಕೇ ಫೋನಿನಲ್ಲಿ ಮಾತಾಡಿ ತುಂಡು ತುಂಡಾಗಿ ಕಳಿಸುತ್ತಿದ್ದೇನೆ.

ಕೊಟ್ಟ ಮಾತು ಮುರಿದಿಲ್ಲ, ಮಗಳೇ. "ನೀನು ಕಣ್ಣಿಗೆ ಬಿದ್ರೆ ನಾನು ಚೆಂಡು ನೋಡಲ್ಲ ಅಪ್ಪಾ, ನಿನ್ನ ಕೈ ನೋಡ್ತೀನಿ" ಅಂದಿದ್ದೆಯಲ್ಲ, ಒಳಗೆ ಬಂದಿಲ್ಲ. ಮೈದಾನದ ಹಿಂದಿನ ಗೋಡೆಯ ಹೊರಗೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದಡಿ ನಿಂತಿದ್ದೇನೆ. ಮನೆಯಲ್ಲೇ ಕೂರುತ್ತೇನೆ ಅಂತ ನಾನೇನೂ ಹೇಳಿರಲಿಲ್ಲವಲ್ಲ! ನಿಮ್ಮಮ್ಮ ಒಳಗಿದ್ದಾಳೆ. ಆಟ ಹೇಗೆ ನಡೀತಿದೆ ಅಂತ ಫೋನ್ ಮಾಡಿದರೆ, "ಎಲ್ರೂ ಓಡ್ತಿದ್ದಾರೆ ಕಣ್ರೀ" ಅಂದಳು. ಇಷ್ಟು ವರ್ಷ ರೆಫರಿಯ ಜೊತೆ ಬಾಳಿದವಳ ವರದಿ ಇದು. ಹಾಗಾಗಿ ಕಿವಿಯಲ್ಲೇ ಆಟ ನೋಡುತ್ತಿದ್ದೇನೆ.

ನೀನು ರೆಫರಿಯಾಗಿದ್ದ ಕಳೆದ ಫುಟ್‌ಬಾಲ್ ಆಟ ಇನ್ನೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಮುನ್ನುಗ್ಗುತ್ತಿದ್ದವನ ಕಾಲಿಗೆ ಎದುರಾಳಿ ಒದ್ದ. ಚೆಂಡು ಮಾತ್ರ ಒದೆ ತಿಂದವನ ಜೊತೆಗಾರನಿಗೇ ಸಿಕ್ಕಿತು. ಊದಿದರೆ ಓಟ ನಿಲ್ಲುತ್ತದೆ, ತಪ್ಪು ಮಾಡಿದವನಿಗೇ ಲಾಭ. ನೀನು ಎರಡೂ ಕೈ ಮುಂದೆ ಚಾಚಿ "ಆಡಿ!" ಅಂದೆ. ಅಲ್ಲಿಯವರೆಗೆ ಸರಿ. ಆದರೆ ಎರಡು ಹೆಜ್ಜೆ ಹೋಗುವಷ್ಟರಲ್ಲಿ ಚೆಂಡು ಎದುರಾಳಿಗೆ ಹೋಯಿತು. ತಕ್ಷಣ ಹಿಂದಕ್ಕೆ ಬಂದು ಆ ಒದೆಗೇ ಸೀಟಿ ಊದಬಹುದಿತ್ತು. ಒಮ್ಮೆ ಕೈ ಚಾಚಿದ ಮೇಲೆ ಮಾತು ಬದಲಿಸಿದರೆ ಜನ ನಗುತ್ತಾರೆ ಅಂತ ಸುಮ್ಮನಾದೆ. ಒದೆ ತಿಂದವನು ತಾನೇ ನ್ಯಾಯ ತೀರಿಸಲು ಹೊರಟ, ಮೈದಾನ ರಣರಂಗವಾಯಿತು. ರೆಫರಿಗಳನ್ನು ನೇಮಿಸುವ ಸಮಿತಿಯವರು ಇನ್ನೊಂದೇ ಅವಕಾಶ ಕೊಟ್ಟರು. ಅದೇ ಇವತ್ತಿನದು. ಇದೂ ಕೆಟ್ಟರೆ ಮತ್ತೆ ಶಾಲಾ ಮಕ್ಕಳ ಆಟಕ್ಕೆ ವಾಪಸ್ಸು.

ಮಾರನೇ ದಿನ ಊಟದ ಮೇಜಿನ ಮೇಲೆ ಲೋಟ, ಚಮಚ ಜೋಡಿಸಿ, ಉಪ್ಪಿನ ಡಬ್ಬಿಯನ್ನು ಡಿಫೆಂಡರ್ ಮಾಡಿ ನಿನಗೆ ಪಾಠ ಹೇಳಿದ್ದು ನೆನಪಿದೆಯಾ? ಚೆಂಡು ಕಾಲಲ್ಲಿದ್ದ ಮಾತ್ರಕ್ಕೆ ಅನುಕೂಲವಲ್ಲ, ಮುಂದೆ ದಾರಿ ಇರಬೇಕು. ತಮ್ಮದೇ ಗೋಲಿನ ಹತ್ತಿರ ಒದೆ ಬಿದ್ದರೆ ಊದಿಬಿಡು. ಎದುರಾಳಿ ಗೋಲಿನ ಹತ್ತಿರವಾದರೆ ಉಸಿರು ಹಿಡಿ, ಅಡ್ಡ ಎಷ್ಟು ಜನ ಇದ್ದಾರೆ ನೋಡು. ಕಾಲು ಮುರಿಯುವಂಥ ಒದೆಯಾದರೆ, ಗೋಲು ಇನ್ನೇನು ಆಗೇಬಿಡುತ್ತದೆ ಅನ್ನುವಂತಿದ್ದರೆ ಹೊರತು ಕಾಯಬೇಡ. ಆಟಗಾರರ ತಲೆ ಬಿಸಿಯಾಗಿದ್ದರಂತೂ ಒಳ್ಳೆಯ ಅವಕಾಶ ಹೋದರೂ ಪರವಾಗಿಲ್ಲ, ಊದುವುದೇ ಮೇಲು. ನೀನು ಹಣೆ ಚಚ್ಚಿಕೊಂಡೆ: "ಇಷ್ಟೆಲ್ಲ ಯೋಚಿಸೋಷ್ಟರಲ್ಲಿ ಅವರು ಮನೆಗೆ ಹೋಗಿ ಸ್ನಾನ ಮಾಡಿರ್ತಾರೆ ಅಪ್ಪಾ!" ನಿಮ್ಮಮ್ಮ ಒಲೆಯ ಮುಂದಿನಿಂದ, "ಆ ಡಿಫೆಂಡರನ್ನ ಇತ್ಲಾಗೆ ಕೊಡಿ, ಉಪ್ಪು ಹಾಕ್ಬೇಕು" ಅಂದಳು.

ಇರು.

ಈಗಷ್ಟೇ ಒಳಗೆ ಎಲ್ಲರೂ ಒಟ್ಟಿಗೆ "ಅಯ್ಯೋ!" ಅಂದರು. ಯಾರಿಗೋ ಜೋರಾಗಿ ಬಿದ್ದಿದೆ. ಸೀಟಿ ಇಲ್ಲ. ಊದು ಮಗಳೇ. ಬೇಡ, ತಡಿ. ದಾರಿ ಇದೆಯೇನೋ. ಇನ್ನೂ ಇಲ್ಲ. ನಾನಾಗಿದ್ದರೆ ಇಷ್ಟರಲ್ಲಿ ಊದಿಬಿಡುತ್ತಿದ್ದೆ...

ಜನ "ಛೇ!" ಅಂದರು. ಚೆಂಡು ಹೋಯಿತು. ಮತ್ತೆ ಹಾಗೇ ಆಗುತ್ತಾ?

ಊದಿದೆ! ಕೇಳಿಸಿತು. ಉದ್ದಕ್ಕೆ, ಒಂಚೂರೂ ನಡುಗದ ಸೀಟಿ. ಹಿಂದಕ್ಕೆ ಬಂದೆಯಲ್ಲೇ! ಜನ ಉಗಿಯುತ್ತಿದ್ದಾರೆ, "ಏನಮ್ಮಾ, ಈಗ ಎಚ್ಚರ ಆಯ್ತಾ?" ಅಂತ. ಅನ್ನಲಿ ಬಿಡು.

ಅಷ್ಟರಲ್ಲಿ ಇಲ್ಲಿ ಸೈಕಲ್ ಕಾಯುವವನು ನನ್ನನ್ನೇ ದಿಟ್ಟಿಸುತ್ತಿದ್ದ. "ಯಾರನ್ನ ಕರೀತಿದ್ದೀರಾ ಸಾರ್? ಇಲ್ಲಿ ಬರೀ ಸೈಕಲ್ ಇರೋದು." ನೋಡಿಕೊಂಡರೆ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದ್ದವು. ನೀನು ಒಳಗೆ ಬರಬೇಡ ಅಂದದ್ದು ಎಷ್ಟು ಸರಿ!

ನಿಮ್ಮಮ್ಮನಿಗೆ ಮತ್ತೆ ಫೋನ್ ಮಾಡಿದೆ. "ಅವಳು ಯಾರಿಗೋ ಹಳದಿ ಚೀಟಿ ತೋರಿಸಿದ್ಲು ರೀ. ಎರಡೂ ಕಡೆಯವರು ಬೈತಿದ್ದಾರೆ" ಅಂತ ಅಳುವ ದನಿಯಲ್ಲಿ ಹೇಳಿದಳು. ಎರಡೂ ಕಡೆಯವರಾ? ಹಾಗಾದರೆ ಸದ್ಯ ಬದುಕಿದೆವು.

ಆಟ ಇನ್ನೂ ಬಾಕಿ ಇದೆ. ಸಮಿತಿಯವರ ಮನಸ್ಸಲ್ಲಿ ಏನಿದೆಯೋ ಗೊತ್ತಿಲ್ಲ. ಆದರೂ ನೀನು ಹೊರಗೆ ಬರುವ ಮುಂಚೆ ನಾನು ಇಲ್ಲಿಂದ ಹೊರಡುತ್ತೇನೆ. ಮನೆಗೆ ಬಂದಾಗ ನಾನಾಗಿ ಏನೂ ಕೇಳುವುದಿಲ್ಲ. ಉಪ್ಪಿನ ಡಬ್ಬಿ ಮೇಜಿನ ಮೇಲೆ ಇರುತ್ತದೆ. ಹೇಳಬೇಕು ಅನ್ನಿಸಿದರೆ ನೀನೇ ಅದನ್ನು ಸರಿಸು. ಅಲ್ಲಿಯವರೆಗೆ ನಾನು ಕಾಯುತ್ತೇನೆ.

ಕಾಯುವಾಗ ನಿನ್ನ ಉಸಿರು ಗಟ್ಟಿಯಾಗಿರಲಿ, ಊದುವಾಗ ಇನ್ನೂ ಗಟ್ಟಿಯಾಗಿರಲಿ.

ಗೋಡೆಯ ಈಚೆಯಿಂದ,
ನಿನ್ನ ಅಪ್ಪ