ಬಾರಿಕನ ಸರಪಳಿ

ಮೇ ೪, ಬೆಳಿಗ್ಗೆ

ಇವತ್ತೂ ಸಭೆಯಲ್ಲಿ ದೇವರ ವಾಕ್ಯ ಓದಿದವನು ನಾನೇ. ಗಂಟಲು ಚೆನ್ನಾಗಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಬಾಯಲ್ಲೂ ಬಾರಿಕ್, ಬಾರಿಕ್... ಮೀನಿನ ಗೊಜ್ಜು ಮಾರುವವನು. ನಾನು ಓದುವಾಗೆಲ್ಲ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದವನು. ನಿನ್ನೆ ಕಾರ್ತೇಜಿನ ಸಂತೆಯಲ್ಲಿ ಸೈನಿಕರು ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕು ಅಂದರಂತೆ. ಒಲ್ಲೆ, ನಾನು ಕ್ರೈಸ್ತ ಅಂದನಂತೆ. ಹೊಡೆದು, ಸರಪಳಿ ಬಿಗಿದು, ಸೆರೆಮನೆಗೆ ಹಾಕಿದ್ದಾರೆ.

ಪಾಪ ಅನಿಸಬೇಕಿತ್ತು. ಹೊಟ್ಟೆ ಉರಿಯಿತು.

ಮೇ ೬

ನನ್ನ ಹೆಂಡತಿ ಸ್ಪೆಸಿನಾ ಸೆರೆಮನೆಗೆ ಹೋಗಿ ಬಂದಳು. ಬಾರಿಕನಿಗೆ ರೊಟ್ಟಿ, ಅಂಜೂರ. ನನಗೆಂದು ಇಟ್ಟಿದ್ದ ಜೇನೂ ಅವನಿಗೇ.

"ಎಲ್ರ ಹಾಗೆ ನಾನೂ ಅವನ ಸರಪಳಿಗೆ ಮುತ್ತು ಕೊಟ್ಟೆ ಕಣ್ರೀ. ಮೈಯೆಲ್ಲ ಜುಮ್ ಅಂತು."

"ತುಕ್ಕು ಹಿಡಿದಿರತ್ತೆ. ಬಾಯಿ ತೊಳ್ಕೋ."

"ನಿಮಗೆ ಹೊಟ್ಟೆಕಿಚ್ಚು."

ಇದೆ. ಇಲ್ಲ ಅಂತ ಯಾರಿಗೆ ಸುಳ್ಳು ಹೇಳಲಿ?

ಮೇ ೯

ಹಿರಿಯ ಪಾದ್ರಿ ಸತ್ತು ಪೀಠ ಖಾಲಿಯಿದೆ. ಚಳಿಗಾಲದಲ್ಲಿ ಬಿಷಪ್ಪರು ಬೆನ್ನು ತಟ್ಟಿ ಮುಂದಿನದು ನಿನ್ನದೇ ಅಂದಿದ್ದರು. ಇವತ್ತು ನೆನಪಿಸಿದೆ.

"ಇದ್ದಿಬಾಲ್, ನಮ್ಮ ಪದ್ಧತಿ ನಿನಗೆ ಗೊತ್ತಲ್ಲಪ್ಪ. ಯೇಸುವಿನ ಹೆಸರಿಗೋಸ್ಕರ ಸರಪಳಿ ತೊಟ್ಟು ಬಂದವನಿಗೆ ನಾನು ತಲೆ ಮೇಲೆ ಕೈ ಇಟ್ಟು ದೀಕ್ಷೆ ಕೊಡೋದೂ ಬೇಕಿಲ್ಲ. ಆಗಲೇ ಪಾದ್ರಿ ಅವನು."

"ಅವನಿಗೆ ಓದೋಕೆ ಬರಲ್ವಲ್ಲ ಸ್ವಾಮಿ!"

"ಓದೋಕೆ ನೀನಿದ್ದೀಯಲ್ಲ."

ಬದುಕಿ ಬಂದರೆ ಪೀಠ ಅವನದು. ಸತ್ತರೆ ಹುತಾತ್ಮ. ವರ್ಷಾವರ್ಷ ಗೋರಿಯ ಮೇಲೆ ದ್ರಾಕ್ಷಾರಸ ಸುರಿದು ಹಬ್ಬ ಮಾಡುತ್ತಾರೆ. ಅವನ ಚರಿತ್ರೆ ಓದಬೇಕಾದವನು ಮತ್ತೆ ನಾನೇ... ಹೇಗೆ ಬಿದ್ದರೂ ಅವನೇ ಮೇಲೆ.

ಮೇ ೧೫

ತೀರ್ಮಾನ ಮಾಡಿದೆ. ನಾನೇ ಅಧಿಕಾರಿಯ ಮುಂದೆ ಹೋಗಿ, ನಾನೂ ಕ್ರೈಸ್ತ ಎಂದು ನಿಲ್ಲುತ್ತೇನೆ. ಸ್ಪೆಸಿನಾ ಗೋಳೋ ಅಂತ ಅತ್ತಳು.

"ಯಾರೂ ಹಿಡೀದೆ ತಾವಾಗೇ ಹೋಗಿ ಒಪ್ಪಿಸ್ಕೊಂಡೋರನ್ನ ಸಭೆ ಲೆಕ್ಕಕ್ಕೇ ತಗೊಳ್ಳಲ್ಲ. ಸತ್ರೂ ಹುತಾತ್ಮರ ಜೊತೆ ಹೆಸರು ಓದಲ್ಲ. ಬಿಷಪ್ಪರೇ ಹೇಳಿದ್ದಾರಲ್ರೀ!"

ಹೇಳಲಿ. ಸರಪಳಿ ಕಣ್ಣಿಗೆ ಬಿದ್ದ ಮೇಲೆ ಅದು ಹೇಗೆ ಬಂತೆಂದು ಯಾರು ಕೇಳುತ್ತಾರೆ?

ಮೇ ೧೭, ಸೆರೆಮನೆ

ಇದನ್ನು ಬರೆಯುವ ಮೇಣದ ಹಲಗೆ ಮಡಿಲಲ್ಲಿ ಬಚ್ಚಿಟ್ಟು ತಂದೆ. ಅಧಿಕಾರಿ ಆಕಳಿಸಿದ. "ಕಾರ್ತೇಜಲ್ಲಿ ನಿಮ್ಮಂಥೋರಿಗೆ ಬರಗಾಲವೇ ಇಲ್ಲ. ನಿನ್ನನ್ಯಾರಯ್ಯ ಬಾ ಅಂದದ್ದು?" ಒಳಗೆ ತಳ್ಳಿದರು.

ಮಧ್ಯಾಹ್ನ ಸಭೆಯವರು ಬಂದರು. ಎಲ್ಲರೂ ನನ್ನನ್ನು ದಾಟಿಕೊಂಡು ಬಾರಿಕನ ಹತ್ತಿರ. ನನ್ನ ಸರಪಳಿಗೆ ಮುತ್ತಿಡಲು ಒಂದು ನರಪಿಳ್ಳೆಯೂ ಇಲ್ಲ. ಸ್ಪೆಸಿನಾ ಮುಖ ಒರೆಸಿದಳು, ರೊಟ್ಟಿ ಕೊಟ್ಟಳು. ಸರಪಳಿ ಮುಟ್ಟಲಿಲ್ಲ. "ಬಿಷಪ್ಪರು ಬೇಡ ಅಂದಿದ್ದಾರೆ ಕಣ್ರೀ," ಅಂದಳು.

ಅವರು ಹೋದ ಮೇಲೆ ಬಾರಿಕ್ ತನ್ನ ಅಂಜೂರದಲ್ಲಿ ಅರ್ಧ ನನ್ನ ಮುಂದಿಟ್ಟ.

"ತಗೋ ಅಣ್ಣ. ನೀನು ಬಂದದ್ದು ಒಳ್ಳೇದಾಯ್ತು. ಒಬ್ಬನೇ ಇದ್ದು ಭಯ ಆಗ್ತಿತ್ತು."

ತಿಂದೆ. ಅವನ ಒಳ್ಳೆಯತನಕ್ಕೂ ಉರಿದುಕೊಂಡೆ.

ಮೇ ೨೦, ವಿಚಾರಣೆ

ಬಾರಿಕನನ್ನು ಮೊದಲು ಕರೆದರು. ಇದರಲ್ಲೂ ಅವನೇ ಮೊದಲು. ನಾನು ಬಾಗಿಲಾಚೆ ಕೂತಿದ್ದೆ. ಅವನು ಸೋಲಲಿ, ಸೋಲಲಿ ಎಂದು ಬೇಡಿಕೊಂಡೆ — ದೇವರನ್ನೇ. ಒಳಗೆ ಕಬ್ಬಿಣ ಕಾಯಿಸಿದ್ದರು. ಕೂಗಿದ. ಮತ್ತೆ ಕೂಗಿದ. ಆಮೇಲೆ ಸದ್ದಿಲ್ಲ. ಆಮೇಲೆ ಧೂಪದ ವಾಸನೆ.

ಹಾಕಿಬಿಟ್ಟ.

ಅಲ್ಲೇ ಸರಪಳಿ ಬಿಚ್ಚಿದರು. ಹೊರಗೆ ಬಂದವನು ನನ್ನ ಮುಂದೆ ನಿಂತು ಮಗುವಿನ ಹಾಗೆ ಅತ್ತ. "ಆಗ್ಲಿಲ್ಲ ಅಣ್ಣ. ನೀನು ತಡ್ಕೋತೀಯ. ನೀನು ಓದಿದೋನು."

ಗೆದ್ದೆ. ಅವನಿಗೆ ಇನ್ನು ಪೀಠವೂ ಇಲ್ಲ, ಹಬ್ಬವೂ ಇಲ್ಲ. ಖುಷಿ ಬರಲಿ ಎಂದು ಕಾದೆ. ಬರಲಿಲ್ಲ. ಅವನು ಪಕ್ಕದಲ್ಲಿದ್ದಾಗ ಬೆಟ್ಟದಷ್ಟಿದ್ದ ಧೈರ್ಯ ಈಗ ಎಲ್ಲಿ ಹುಡುಕಿದರೂ ಇಲ್ಲ. ಯೇಸುವಿಗಾಗಿ ಬಂದೆನೇ? ಬರುವಾಗ ಅವನನ್ನು ಒಂದು ಸಲವೂ ನೆನೆದಿರಲಿಲ್ಲ. ಒಬ್ಬ ಮೀನುಗೊಜ್ಜಿನವನ ಮೇಲಿನ ಹಟಕ್ಕೆ ಬಂದೆ. ಅವನೇ ಮನೆಗೆ ಹೋದ.

ಕಬ್ಬಿಣ ಮತ್ತೆ ಒಲೆಗಿಟ್ಟಿದ್ದಾರೆ. ನನ್ನ ಹೆಸರು ಕೂಗಿದರು. ನೀನು ಯಾರು ಅಂತ ಕೇಳುತ್ತಾರೆ. ಬಾರಿಕ್ ಸಂತೆಯಲ್ಲಿ ಅಂದದ್ದನ್ನೇ ಹೇಳಬೇಕು. ನಾನು...