ಸರಿಸಿದ ಗೂಟಗಳು

ಹೂವಿನ ಹಿಪ್ಪರಗಿ
ಬುಧವಾರ, ೧೨ ಏಪ್ರಿಲ್ ೧೯೬೧

ಚಿರಂಜೀವಿ ಮಡಿವಾಳಪ್ಪನಿಗೆ,

ಆಶೀರ್ವಾದ ಯಾವಾಗಲೂ ಇದ್ದದ್ದೇ. ಇವತ್ತು ನನ್ನ ಸಿಟ್ಟು ಓದು. ಹಾಸ್ಟೆಲ್ಲಿನ ಗೆಳೆಯರ ಮುಂದೆ ಗಟ್ಟಿಯಾಗಿ ಓದಬೇಡ, ಖೋಲಿಯ ಬಾಗಿಲು ಹಾಕಿಕೊಂಡು ಓದು. ನೀನು ಇಷ್ಟೆಲ್ಲ ಮಾಡಿದ ಮೇಲೂ ನಿನ್ನ ಮಾನದ ಚಿಂತೆ ನನಗೇ ಇದೆ, ನಿನಗಿಲ್ಲ.

ನಿನ್ನೆ ಮಧ್ಯಾಹ್ನ ನಿಮ್ಮ ದೊಡ್ಡಪ್ಪ ಊಟಕ್ಕೆ ಕೂತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಲೆ. ನಾನು ಇನ್ನೊಂದು ರೊಟ್ಟಿ ಬಡಿಯುತ್ತಿದ್ದೆ. ತಮ್ಮಷ್ಟಕ್ಕೆ ತಾವೇ ನಕ್ಕರು. ಏನಾಯಿತು ಎಂದು ಕೇಳಿದೆ.

“ನಮ್ಮ ಹುಡುಗ ಭಾಳ ಶಾಣ್ಯಾ ಆಗ್ಯಾನ ನೋಡು. ಮಣ್ಣು ಕೊಚ್ಚಬಾರದಂತ ಸರಕಾರ ಹಾಕೂ ಒಡ್ಡು ನಮ್ಮ ಹೊಲದ ನಟ್ಟನಡುವ ಹಾಯ್ತಿತ್ತಂತ. ಅಳತಿ ಮಾಡಿ ತಾನ ಊರಿದ ಗೂಟ ಕಿತ್ತು ಕೆಳಗ ಬದುವಿನ ಕಡೆ ಸರಿಸಿ ಹೋಗ್ಯಾನ. ಬಸ್ ಹತ್ತೂಮುಂದ ನನ್ನ ಕಿವ್ಯಾಗ ಹೇಳಿದ. ಹಿಡಿ ಮಣ್ಣು ಹೋಗಂಗಿಲ್ಲ ನಮ್ದು.”

“ಹಂಗಾದ್ರ ನೀರು ಎಲ್ಲಿ ನಿಲ್ತೈತ್ರಿ?” ಎಂದೆ.

“ನೀರಿಗೇನು, ಇಳಕಲ ಕಂಡಲ್ಲಿ ನಿಲ್ತೈತಿ.”

“ಆ ಇಳಕಲ ಯಾರ್ದು?”

ಪಲ್ಲೆಗೆ ಉಪ್ಪು ಕಡಿಮೆ ಆಗಿದೆ ಎಂದರು.

ಇಳಕಲು ಯಾರದು ಎಂದು ನಿನಗೆ ಗೊತ್ತು. ನಮ್ಮ ಬದುವಿನ ಕೆಳಗೆ ರಮಜಾನಬಿಯ ಹೊಲ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅದೊಂದೇ ತುಂಡು.

ಮಡಿವಾಳ, ನೀನು ತಿಳಿಯದೆ ತಪ್ಪು ಮಾಡಿದ್ದರೆ ನಾನು ಬೈಯುತ್ತಿರಲಿಲ್ಲ. ಡಬ್ಬಿ ತುಂಬ ಶೇಂಗಾ ಹಿಂಡಿ ಕಳಿಸಿ ಧೈರ್ಯ ಹೇಳುತ್ತಿದ್ದೆ. ಆದರೆ ದೀವಳಿಗೆಗೆ ಬಂದಾಗ ನನ್ನ ಪರಾತದಲ್ಲಿ ಹಿಟ್ಟು ಹರವಿ, ಒಂದು ಬದಿ ಎತ್ತರಿಸಿಟ್ಟು, ಬೆರಳಿನಿಂದ ಸಣ್ಣ ಒಡ್ಡು ಕಟ್ಟಿ ತೋರಿಸಿದವನು ನೀನೇ ಅಲ್ಲವೇ? ಒಡ್ಡು ಒಂದೇ ಮಟ್ಟದಲ್ಲಿ ಹೋದರೆ ನೀರು ಅದರ ಉದ್ದಕ್ಕೂ ನಿಂತು ಇಂಗುತ್ತದೆ, ಒಂದು ಕಡೆ ಕೆಳಕ್ಕೆ ಜಾರಿದರೆ ಮೇಲಿನ ನೀರೆಲ್ಲ ಅಲ್ಲಿಗೇ ನುಗ್ಗಿ ಒಡೆಯುತ್ತದೆ ಎಂದು ನೀನೇ ಹೇಳಿದೆ. ಚರಿಗೆಯಿಂದ ನೀರು ಸುರಿದೆ. ಹಿಟ್ಟು ಹೋಗಿ ನನ್ನ ಸೀರೆಯ ಮೇಲೆ ಬಿತ್ತು. ಆ ದಿನ ಎಷ್ಟು ನಕ್ಕೆವು! ನಮ್ಮ ಹುಡುಗ ಎಂಥ ವಿದ್ಯೆ ಕಲಿಯುತ್ತಿದ್ದಾನೆ ಎಂದು ನಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಅಂಕಲಿಪಿ ಓದುವಾಗ ಪಕ್ಕದಲ್ಲಿ ಕೂತು ಹಿಟ್ಟಿನ ಮೇಲೆ ಬೆರಳಾಡಿಸಿ ನಾನು ಅಕ್ಷರ ಕಲಿತೆ. ಒಡ್ಡಿನ ವಿಚಾರವನ್ನೂ ನಿನ್ನಿಂದಲೇ ಕಲಿತೆ. ಕಲಿಸಿದವನು ನೀನು, ಗೊತ್ತಿದ್ದೂ ಮಾಡಿದವನು ನೀನು.

ಇವತ್ತು ಮುಂಜಾನೆ ನಾನೇ ಹೊಲಕ್ಕೆ ಹೋಗಿ ನೋಡಿದೆ. ಊರ ಕಡೆಯಿಂದ ಗೂಟಗಳು ಮರ್ಯಾದೆಯಿಂದ ಸಾಲು ಹಿಡಿದು ಬಂದಿವೆ. ನಮ್ಮ ಹೊಲ ಬಂದ ಕೂಡಲೇ, ದಾರಿಯಲ್ಲಿ ಸಗಣಿ ಕಂಡವರ ಹಾಗೆ, ಅಡ್ಡ ಸರಿದು ಬದುವಿಗೆ ಇಳಿದಿವೆ. ನಮ್ಮ ಹೊಲ ದಾಟಿದ ಮೇಲೆ ಮತ್ತೆ ಮೇಲಕ್ಕೆ ಹತ್ತಿವೆ. ಗೂಟ ನೋಡಲು ಬಂದ ಅಳತೆಯ ಸಾಹೇಬರು ಜೀಪಿನಿಂದ ಇಳಿಯಲೇ ಇಲ್ಲವಂತೆ. ನಿಮ್ಮ ಕಾಲೇಜಿನ ಚನ್ನಬಸಯ್ಯ ಗುರುಗಳ ಕೈಯಲ್ಲಿ ತಯಾರಾದ ಹುಡುಗ ಎಂದು ನಂಬಿ ಹೋದರಂತೆ.

ರಮಜಾನಬಿ ಅಲ್ಲೇ ಇದ್ದಳು. ಏನು ಮಾಡುತ್ತಿದ್ದಳು ಗೊತ್ತೇ? ಯಾರದೋ ಆಡುಗಳು ಬಂದು ಒಂದು ಗೂಟ ಉರುಳಿಸಿದ್ದವು. ಅದೇ ಕುಣಿಯಲ್ಲಿ ಅದನ್ನು ನೆಟ್ಟು, ಕಲ್ಲಿನಿಂದ ಬಡಿದು ಗಟ್ಟಿ ಮಾಡುತ್ತಿದ್ದಳು. ಕೈಯಲ್ಲಿ ಬೇವಿನ ಬರಲು ಕಡ್ಡಿ. “ಇವು ನಮ್ಮ ಮಡಿವಾಳ ಊರಿದ ಗೂಟ. ಇನ್ನೊಮ್ಮಿ ಈ ಕಡೆ ಹಾದ್ರ ಕಾಲ ಮುರಿತೇನಿ!” ಎಂದು ಆಡುಗಳಿಗೆ ಬೈಯುತ್ತಿದ್ದಳು. ಆಡುಗಳಿಗೆ ಎಷ್ಟು ತಿಳಿಯಿತೋ, ನನಗಂತೂ ಕಾಲು ಮುರಿದಂತೆಯೇ ಆಯಿತು.

ನನ್ನನ್ನು ಕಂಡು, “ಶಂಕ್ರಕ್ಕಾ, ಒಡ್ಡು ಆದ ಮ್ಯಾಲ ಹಿಂಗಾರಿ ಜ್ವಾಳ ಎದಿಮಟ ಬರ್ತೈತಿ ಅಂದಾನ ಹುಡುಗ. ಖರೇನ?” ಎಂದು ಕೇಳಿದಳು.

ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದೆ. ಇದು ನನ್ನಿಂದ ನೀನು ಮಾಡಿಸಿದ ಕೆಲಸ.

ಮುಯ್ಯಿ ಎಂದರೆ ಏನು ಎಂಬುದನ್ನು ಕಾಲೇಜಿನಲ್ಲಿ ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಅದು ಕೂಲಿ ಅಲ್ಲ. ಅವರು ಬಂದು ನಮ್ಮ ಹೊಲದಲ್ಲಿ ದುಡಿದರೆ ನಾವು ಹೋಗಿ ಅವರ ಹೊಲದಲ್ಲಿ ದುಡಿಯಬೇಕು. ಯಾರಿಂದ ಪಡೆದೆವೋ ಅವರಿಗೇ ತಿರುಗಿ ಕೊಡಬೇಕು. ನೀನು ಧಾರವಾಡಕ್ಕೆ ಹೊರಟಾಗ ನಿಮ್ಮ ದೊಡ್ಡಪ್ಪ, ಮನೆಯಲ್ಲಿ ದುಡಿಯುವ ಕೈ ಒಂದು ಕಡಿಮೆ ಆಗುತ್ತದೆ, ಕಾಲೇಜು ಬೇಡ ಎಂದು ಹಟ ಹಿಡಿದಿದ್ದರು. ರಮಜಾನಬಿ ನಮ್ಮ ಕಟ್ಟೆಯ ಮೇಲೆ ಬಂದು ಕೂತು, “ಹುಡುಗನ್ನ ಕಳಸ್ರಿ ಅಣ್ಣಾ. ಅವನ ಪಾಲಿನ ಕೆಲಸಕ್ಕ ನಾ ಬರ್ತೇನಿ” ಎಂದಳು. ಬಂದಳು ಕೂಡ. ಕಳೆ ತೆಗೆಯಲು ಬಂದಳು, ಜೋಳ ಕೊಯ್ಯಲು ಬಂದಳು, ಜ್ವರದಲ್ಲಿ ತಲೆಗೆ ಸೆರಗು ಬಿಗಿದುಕೊಂಡೂ ಬಂದಳು. ತಿರುಗಿ ಮುಯ್ಯಿ ಕೊಡಲು ನಾನು ಅವಳ ಹೊಲಕ್ಕೆ ಹೋದರೆ ನನ್ನ ಕೈಯ ಕುಡುಗೋಲು ಕಸಿದಿಟ್ಟುಕೊಂಡಳು. “ನನ್ನ ಮುಯ್ಯಿ ನಿನ್ನ ಕೂಡ ಅಲ್ಲ. ಹುಡುಗನ ಕೂಡ. ಅವಾ ಕಲತು ಬಂದು ತೀರಸ್ತಾನ” ಎಂದಳು.

ನೀನು ಕಲಿತು ಬಂದೆ. ತೀರಿಸಿದ್ದು ಯಾರಿಗೆ? ನನಗೆ! “ದೊಡ್ಡವ್ವ ಸಾಕಿ ಸಲಹಿದ್ದಕ್ಕೆ ಇಷ್ಟಾದರೂ ಮಾಡಬೇಡವೇ” ಎಂದು ದೊಡ್ಡಪ್ಪನ ಮುಂದೆ ಹೇಳಿದೆಯಂತೆ. ನಾನು ಉಣಿಸಿದ್ದಕ್ಕೆ ಲೆಕ್ಕ ಇಟ್ಟಿದ್ದೆ ಎಂದು ನಿನಗೆ ಹೇಳಿದವರು ಯಾರು? ನಿನ್ನವ್ವ ಹೋದ ದಿನ ನಿನ್ನನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ಇಳಿಸಬೇಕು ಎಂದು ಎಂದೂ ಅನಿಸಿರಲಿಲ್ಲ. ನಿನ್ನೆ ಮೊದಲ ಸಲ ಅನಿಸಿತು.

ನಿನ್ನ ಗುರುಗಳಾದರೂ ನೆನಪಾಗಲಿಲ್ಲವೇ? ಹೋದ ವರ್ಷ ನಾನು ರೊಟ್ಟಿ ಗಂಟು ಹೊತ್ತು ಧಾರವಾಡಕ್ಕೆ ಬಂದಾಗ ಚನ್ನಬಸಯ್ಯನವರು ನಿಮ್ಮನ್ನೆಲ್ಲ ತಮ್ಮ ಮನೆಯ ಪಡಸಾಲೆಯಲ್ಲಿ ಕೂಡಿಸಿಕೊಂಡಿದ್ದರು. ಇಂಟರ್ವ್ಯೂದಲ್ಲಿ ಹೇಗೆ ಕೂಡಬೇಕು, ಹೇಗೆ ಉತ್ತರ ಕೊಡಬೇಕು ಎಂದು ಕಲಿಸುತ್ತಿದ್ದರು. ತಾವೇ ಸಾಹೇಬರಾಗಿದ್ದರು. ನೀನು ಕುರ್ಚಿಯ ತುದಿಗೆ, ಬಂಡಿಯ ಮೂಕಿಯ ಮೇಲೆ ಕೂತ ಹಾಗೆ ಕೂತಿದ್ದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. “ಹುಡುಗ ಮಣ್ಣಿನ ವಿಷಯ ಚಲೋ ಓದ್ಯಾನ್ರಿ ತಾಯಿ. ಬಾಯಿ ಒಂದು ಬಿಚ್ಚವಲ್ಲ. ಅದನ್ನ ನನಗ ಬಿಡ್ರಿ” ಎಂದು ನನಗೆ ಹೇಳಿದರು. ಆ ಪುಣ್ಯಾತ್ಮ ತಮ್ಮ ಪುಸ್ತಕ ಕೊಟ್ಟರು, ರವಿವಾರ ಇಂಗ್ಲಿಷ್ ಹೇಳಿಕೊಟ್ಟರು, ಕಚೇರಿಗೆ ಬರೆದು ನಿನ್ನ ತರಬೇತಿಗೆ ನಮ್ಮ ತಾಲೂಕನ್ನೇ ಕೊಡಿಸಿದರು. ಸ್ವಂತ ಊರಿನ ಮಣ್ಣಿನಲ್ಲಿ ಹುಡುಗನಿಗೆ ಧೈರ್ಯ ಬರುತ್ತದೆ ಎಂದು. ಈಗ ಭೂಸಂರಕ್ಷಣೆ ಇಲಾಖೆಯ ನೌಕರಿಗೂ ನಿನ್ನ ಹೆಸರನ್ನು ಅವರೇ ಹೇಳಿದ್ದಾರೆ. ಅವರ ಮುಂದೆ ಹೋಗಿ, ಸರ್, ನಾನು ಗೂಟ ಸರಿಸಿದ್ದೇನೆ ಎಂದು ಹೇಳಲು ಬಾಯಿ ಬಿಚ್ಚು. ಅವರು ಕಲಿಸಿದ್ದು ಅದನ್ನೇ.

ನಿನ್ನ ಅಂಜಿಕೆ ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಹೇಳಿದರೆ ಗುರುಗಳು ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದು, ಇಂಟರ್ವ್ಯೂ ಕೈತಪ್ಪಬಹುದು. ಸುಳ್ಳೇಕೆ ಹೇಳಲಿ, ಆ ನೌಕರಿ ನನಗೆ ನಿನಗಿಂತ ಹೆಚ್ಚು ಬೇಕು. ನೀನು ಜೀಪಿನಲ್ಲಿ ಬಂದು ಊರ ಅಗಸಿಯ ಬಾಗಿಲ ಮುಂದೆ ಇಳಿಯುವುದನ್ನು ನಾನು ಒಲೆಯ ಮುಂದೆ ಕೂತು ಎಷ್ಟು ಸಲ ನೋಡಿದ್ದೇನೋ. ಅದು ಹೋದರೆ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತೇನೆ. ಅತ್ತು ಎದ್ದು ರೊಟ್ಟಿ ಬಡಿಯುತ್ತೇನೆ. ಆದರೆ ಮೊದಲ ದೊಡ್ಡ ಮಳೆಗೆ ರಮಜಾನಬಿಯ ಹೊಲದ ಮಣ್ಣು ಕೊಚ್ಚಿ ಹಳ್ಳಕ್ಕೆ ಹೋದರೆ, ಅದನ್ನು ತಿರುಗಿ ಹೊತ್ತು ತರುವವರು ಯಾರು? ಆ ಹೊಲದ ಮುಂದೆ ನಿನ್ನ ಜೀಪು ಹಾಯುವಾಗ ನಾನು ಯಾವ ಕಡೆ ಮುಖ ಮಾಡಲಿ?

ಗೂಟಗಳನ್ನು ನಾನೇ ಕಿತ್ತು ಎಸೆಯಬಹುದಿತ್ತು. ಕಿತ್ತು ಎಲ್ಲಿ ಊರಲಿ? ಯಂತ್ರ ಹಚ್ಚಿ ಮಟ್ಟ ನೋಡುವ ವಿದ್ಯೆ ಈ ಊರಲ್ಲಿ ನಿನಗೊಬ್ಬನಿಗೇ ಇದೆ. ಅದು ಬೇಕೇಬೇಕು ಎಂದೇ ಇಷ್ಟು ಸಿಟ್ಟು.

ಕೇಳು ಈಗ. ಶನಿವಾರ ಅಮಾವಾಸ್ಯೆ, ರವಿವಾರ ಸೂಟಿ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಹಾಜಿಮಲಂಗ ಮೇಸ್ತ್ರಿ ಮಂಗಳವಾರದಿಂದ ಒಡ್ಡಿಗೆ ಮಣ್ಣು ಕಡಿಸುತ್ತಾನೆ. ಅಷ್ಟರೊಳಗೆ ಗುರುಗಳಿಗೆ ಹೇಳಿ, ಯಂತ್ರ ತೆಗೆದುಕೊಂಡು ಬಾ. ಗೂಟ ಎಲ್ಲಿರಬೇಕೋ ಅಲ್ಲಿ ಊರು. ಹೊಲದ ನಡುವಿನ ನಮ್ಮ ಕಣ ಹೋಗುತ್ತದೆಯೇ, ಹೋಗಲಿ. ಒಳ್ಳೆಯ ಎರೆಭೂಮಿಯ ಪಟ್ಟಿ ಹೋಗುತ್ತದೆಯೇ, ಅದೂ ಹೋಗಲಿ.

ನಿಮ್ಮ ದೊಡ್ಡಪ್ಪನನ್ನು ನನಗೆ ಬಿಡು. ನಿನ್ನೆಯಿಂದ ರೊಟ್ಟಿ ಬುಟ್ಟಿಯಲ್ಲಿಟ್ಟು, ಬೇಕಾದಷ್ಟು ತೆಗೆದುಕೊಂಡು ಉಣ್ಣಿರಿ ಎಂದು ಹಿತ್ತಲಿಗೆ ಹೋಗುತ್ತಿದ್ದೇನೆ. ಇವತ್ತು ಸಂಜೆ, “ಒಂದು ಮಾತಾರ ಆಡ. ಮನಿ ಅನ್ನೂದು ಹಾಳ ಚಾವಡಿ ಆಗೇತಿ” ಎಂದರು. ಮಡಿವಾಳ ಬಂದ ಮೇಲೆ ಮಾತಾಡೋಣ ಎಂದೆ. ಅವರು ಕೆಟ್ಟವರಲ್ಲ. ಆ ಕಣದ ಕಲ್ಲುಗಳನ್ನು ತಮ್ಮ ಕೈಯಾರೆ ಹಾಸಿದ್ದಾರೆ, ಅದಕ್ಕೇ ಸಂಕಟ. ನಿಧಾನಕ್ಕೆ ಅವರ ಸಂಕಟವೂ ಇಳಿಯುತ್ತದೆ.

ರಮಜಾನಬಿಗೆ ನಾನು ಏನೂ ಹೇಳಿಲ್ಲ. ಸೋಮವಾರ ಹೊತ್ತು ಮುಳುಗುವ ತನಕ ಬಾಯಿ ಕಟ್ಟಿಕೊಂಡಿರುತ್ತೇನೆ. ನೀನೇ ಅವಳ ಅಂಗಳದಲ್ಲಿ ನಿಂತು ಹೇಳಬೇಕು. ತಲೆ ತಗ್ಗಿಸಿ ಹೇಳು, ಎತ್ತಿ ಹೇಳು, ಅದು ನಿನಗೆ ಬಿಟ್ಟದ್ದು.

ಬಸ್ಸಿನಲ್ಲಿ ಬರಿಹೊಟ್ಟೆಯಲ್ಲಿ ಕೂಡಬೇಡ. ಏನಾದರೂ ತಿಂದು ಹತ್ತು.

ನಿನ್ನ ಮೇಲೆ ಸಿಟ್ಟಾಗಿರುವ,
ನಿನ್ನ ದೊಡ್ಡವ್ವ
ಶಂಕ್ರೆವ್ವ

ತಾ. ಕ.: ಗುರುವಾರ ಮಧ್ಯಾಹ್ನ. ಪತ್ರ ಇನ್ನೂ ನನ್ನ ಕೈಯಲ್ಲೇ ಇದೆ. ಸೋಮವಾರದ ತನಕ ಸುಮ್ಮನಿರುತ್ತೇನೆ ಎಂದು ಬರೆದೆನಲ್ಲ, ಆಗಲಿಲ್ಲ. ಮುಂಜಾನೆ ರಮಜಾನಬಿ ಮಜ್ಜಿಗೆ ಒಯ್ಯಲು ಬಂದವಳು ನಿನ್ನ ಸುದ್ದಿ ತೆಗೆದು ನಕ್ಕಳು. ಆ ನಗೆ ನೋಡಲಾಗದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಮೊದಲು ನಮ್ಮ ಬಾಗಿಲು ಮುಂದಕ್ಕೆ ಮಾಡಿದಳು. “ಇದು ಹೊರಗ ಬಿದ್ರ ಹುಡುಗನ ನೌಕರಿ ಹೋಗ್ತೈತೇನು?” ಎಂದು ಕೇಳಿದಳು. ಹೋಗಬಹುದು ಎಂದೆ. “ಹಂಗಾರ ನೀ ಹೇಳಿಲ್ಲ, ನಾ ಕೇಳಿಲ್ಲ” ಎಂದು ಮಜ್ಜಿಗೆಯನ್ನೂ ಬಿಟ್ಟು ನೆಟ್ಟಗೆ ಹಾಜಿಮಲಂಗನ ಮನೆಗೆ ಹೋದಳು. “ಅಮಾಸಿ ಇವರಿಗೆ, ನಮಗೇನು? ಶನಿವಾರ ಮುಂಜಾನಿನ ನನ್ನ ಹೊಲದ ಕಡಿಂದ ಚಾಲೂ ಮಾಡು. ಗೂಟ ಹ್ಯಾಂಗದಾವು ಹಂಗ ಮಣ್ಣು ಹಾಕು” ಎಂದು ಹೇಳಿ ಬಂದಿದ್ದಾಳೆ. ಒಮ್ಮೆ ಒಡ್ಡು ಎದ್ದುಬಿಟ್ಟರೆ ಯಾರೂ ಕೆದಕುವುದಿಲ್ಲ, ನೀನು ಉಳಿಯುತ್ತೀ ಎಂಬ ಲೆಕ್ಕ ಅವಳದು. ಮೇಸ್ತ್ರಿ ಒಪ್ಪಿದ್ದಾನೆ. ನಿನ್ನ ಮೇಲೆ ಬಾರದಷ್ಟು ಸಿಟ್ಟು ನನಗೆ ಆ ಹೆಣ್ಣುಮಗಳ ಮೇಲೆ ಬಂದಿದೆ. ಶನಿವಾರ ಮುಂಜಾನೆ ನಾನು ಹೋಗಿ ಆ ಗೂಟಗಳ ನಡುವೆ ಕೂಡುವವಳೇ. ಅವಳು ಕಡಿಯಿರಿ ಎನ್ನುತ್ತಾಳೆ, ನಾನು ಬೇಡ ಎನ್ನುತ್ತೇನೆ. ಊರು ಸೇರುತ್ತದೆ. ಯಾಕೆ ಜಗಳ ಎಂದು ಕೇಳಿದರೆ ಅವಳೂ ಹೇಳುವವಳಲ್ಲ, ನಾನೂ ಹೇಳುವವಳಲ್ಲ. ಹೇಳಬೇಕಾದವನು ಒಬ್ಬನೇ. ತಾಳಿಕೋಟೆಯ ಲಾರಿ ಧಾರವಾಡದ ಕಡೆ ಹೊರಟು ಅಗಸಿಯಲ್ಲಿ ನಿಂತಿದೆ, ಡ್ರೈವರನ ಕೈಗೆ ಇದನ್ನು ಕೊಡುತ್ತೇನೆ. ನಾಳೆ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಹೊರಡು.